ಬಸದಿ ಅಳಿಯಿತು, ಅಕ್ಷರ ಉಳಿಯಿತು

ಮಾರಂಡಹಳ್ಳಿಯಿಂದ ಪಾಲಕ್ಕೋಡಿನ ಮಾರ್ಗವಾಗಿ ಧರ್ಮಪುರಿಗೆ ಹೋಗಿಬರದವರು ನಮ್ಮಲ್ಲಿ ವಿರಳ. ಆದರೆ ಆ ಊರಿಗೆ ಹಿಂದೆ ತಗಡೂರು ಎಂಬ ಹೆಸರಿತ್ತೆಂಬುದನ್ನೂ, ನೊಳಂಬ ಅರಸರ ಕಾಲದಲ್ಲಿ ಅಲ್ಲೊಂದು ಜೈನ ಬಸದಿ ಇತ್ತೆಂಬುದನ್ನೂ ಬಲ್ಲವರು ಎಷ್ಟು ಮಂದಿ?

ಧರ್ಮಪುರಿಯಲ್ಲಿ ದೊರೆತ ಶಕವರ್ಷ 815ರ, ಎಂದರೆ ಕ್ರಿ.ಶ. 893ರ ಕನ್ನಡ ಶಾಸನವೊಂದು ಈ ಸಂಗತಿಯನ್ನು ತಿಳಿಸುತ್ತದೆ. ನಿಧಿಯಣ್ಣ, ಚಂಡಿಯಣ್ಣ ಎಂಬಿಬ್ಬರು ತಗಡೂರಿನಲ್ಲಿ ಬಸದಿಯನ್ನು ಕಟ್ಟಿಸಿದರು. ನಿಧಿಯಣ್ಣನು ಮಹೇಂದ್ರ ನೊಳಂಬನಿಂದ ಮೂಲಪಳ್ಳಿ ಎಂಬ ಗ್ರಾಮವನ್ನು ಪಡೆದು, ಬಸದಿಯ ದುರಸ್ತಿಗೂ ಪೂಜೆಗೂ ಆಗಲೆಂದು ಕನಕಸೇನರೆಂಬ ಮುನಿಗಳಿಗೆ ಒಪ್ಪಿಸಿದನು. ಮುಂದೊಂದು ದಿನ ಗೋಡೆ ಬಿರಿದೀತು, ಚಾವಣಿ ಸೋರೀತು ಎಂದು ಒಂದು ಊರಿನ ಹುಟ್ಟುವಳಿಯನ್ನೇ ಮೀಸಲಿಟ್ಟ ದೂರದೃಷ್ಟಿ ಅವನದು. ಆದರೂ ಇಂದು ಬಸದಿಯಿಲ್ಲ. ಕಲ್ಲಿನಲ್ಲಿ ಕೊರೆದ ನಾಲ್ಕು ಅಕ್ಷರಗಳಿಲ್ಲದಿದ್ದರೆ ಅದು ಇತ್ತೆಂಬ ಸುದ್ದಿಯೂ ನಮಗೆ ತಲುಪುತ್ತಿರಲಿಲ್ಲ.

ನಮ್ಮ ಜಿಲ್ಲೆಯಲ್ಲಿ ಇನ್ನೊಂದು ಬಗೆಯ ಕಲ್ಲುಗಳಿವೆ. ತುರುಗಳನ್ನು ಕಾಯುತ್ತ, ಊರನ್ನು ಕಾಯುತ್ತ ಮಡಿದವರ ನೆನಪಿಗೆ ನಿಲ್ಲಿಸಿದ ವೀರಗಲ್ಲುಗಳು ಅವು. ತಮಿಳಿನಲ್ಲಿ ಇವನ್ನು ನಡುಕಲ್ ಎನ್ನುತ್ತಾರೆ. ಎಷ್ಟೋ ಕಡೆ ಜನರು ಇವನ್ನೇ ವೇಡಿಯಪ್ಪನೆಂದು ಪೂಜಿಸುತ್ತಾರೆ. ಆ ಭಕ್ತಿಯೇ ಅವುಗಳಿಗೆ ಕಾವಲಾಯಿತು. ಪೂಜಿಸುವವರಿಲ್ಲದ ಕಲ್ಲಿಗೆ ಕಾವಲು ಯಾರು? ಅದು ಬಟ್ಟೆ ಒಗೆಯುವ ಹಾಸುಗಲ್ಲಾಗುತ್ತದೆ, ಇಲ್ಲವೆ ಒಡೆದು ಜಲ್ಲಿಯಾಗುತ್ತದೆ. ಭಕ್ತಿ ಕಾಯದ ಕಲ್ಲನ್ನು ವಿದ್ಯೆ ಕಾಯಬೇಕು ಎಂಬುದೇ ನಮ್ಮ ಅಭಿಪ್ರಾಯ.

ವಿದ್ಯಾರ್ಥಿಗಳೇ, ನೀವು ಮನೆಯಲ್ಲಿ, ಶಾಲೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು ಆಡುವವರು. ಈ ನೆಲದ ಕಲ್ಲುಗಳೂ ಈ ಎರಡು ಭಾಷೆಗಳಲ್ಲಿ ಮಾತನಾಡುತ್ತವೆ. ಅವುಗಳನ್ನು ಅರಿಯಲು ನಿಮಗಿಂತ ತಕ್ಕವರು ಯಾರು? ಇದು ನಮ್ಮದು, ಅದು ಅವರದು ಎಂಬ ಜಗಳಕ್ಕೆ ಈ ಕಲ್ಲುಗಳನ್ನು ಎಳೆಯಬಾರದು. ಜೈನ ಬಸದಿಯ ಕಲ್ಲಾಗಲಿ, ದನಗಾಹಿಯ ಕಲ್ಲಾಗಲಿ, ಎಲ್ಲವೂ ಊರಿನ ಆಸ್ತಿ.

ಹೊಲದಲ್ಲಿ ಅಕ್ಷರವೋ ಚಿತ್ರವೋ ಇರುವ ಕಲ್ಲು ಕಂಡರೆ ಉಳಿ ತಾಗಿಸಬೇಡಿರಿ, ಬಣ್ಣ ಬಳಿಯಬೇಡಿರಿ, ನಿಧಿಯಾಸೆಯಿಂದ ಅಡಿಯನ್ನು ಅಗೆಯಬೇಡಿರಿ. ಇರುವ ಜಾಗವನ್ನು ಗುರುತು ಮಾಡಿಕೊಂಡು ಉಪಾಧ್ಯಾಯರಿಗೆ ಹೇಳಿರಿ; ಧರ್ಮಪುರಿಯ ವಸ್ತುಸಂಗ್ರಹಾಲಯಕ್ಕೆ ತಿಳಿಸಬಹುದು. ತಂದೆತಾಯಿಗಳಲ್ಲಿಯೂ ನಮ್ಮದೊಂದು ವಿನಂತಿ: ಹೊಸ ಮನೆಯ ತಳಪಾಯಕ್ಕೆ ಹಳೆಯ ಕಲ್ಲನ್ನು ಹಾಕುವ ಮುನ್ನ ಒಮ್ಮೆ ಮಗುಚಿ ನೋಡಿರಿ. ಅದರ ಇನ್ನೊಂದು ಮುಖದಲ್ಲಿ ಯಾರದೋ ಹೆಸರು ಇದ್ದೀತು.