ಪಠ್ಯ, ಪಡಿಯಚ್ಚು ಮತ್ತು ಉಪಾಂಗ

ಓದುಗನು ಬಂದಾಗಲೆಲ್ಲ ಯಂತ್ರವು ಪುಟವನ್ನು ಹೊಸದಾಗಿ ರಚಿಸಿ ಕೊಡುವುದು ಅನೇಕ ಜಾಲತಾಣಗಳ ಕ್ರಮ. ಬರಹವು ದಿನದಿನಕ್ಕೆ ಬದಲಾಗದ ಕಡೆ ಈ ಶ್ರಮವು ವ್ಯರ್ಥವೇ ಸರಿ. ಪುಟಗಳೆಲ್ಲವನ್ನೂ ಮೊದಲೇ ಸಿದ್ಧಪಡಿಸಿ, ಅಚ್ಚಾದ ಗ್ರಂಥದಂತೆ ಇರಿಸಿಬಿಡುವುದು ಸ್ಥಿರ ಜಾಲತಾಣದ ಕ್ರಮ. 2008ರಲ್ಲಿ ಟಾಮ್ ಪ್ರೆಸ್ಟನ್-ವರ್ನರ್ ಅವರು ಹೊರತಂದ ಜೆಕಿಲ್ ಎಂಬ ಸಾಧನವು ಇದನ್ನು ಬಳಕೆಗೆ ತಂದವುಗಳಲ್ಲಿ ಪ್ರಮುಖವಾದುದು. ಹ್ಯೂಗೋ, ಎಲೆವೆಂಟಿ ಮೊದಲಾದವು ಅನಂತರ ಬಂದವು.

ಈ ಸಾಧನಗಳ ಕಾರ್ಯವನ್ನು ವ್ಯಾಕರಣ ಬಲ್ಲವರು ಸುಲಭವಾಗಿ ಗ್ರಹಿಸಬಹುದು. ಲೇಖಕನ ಪಠ್ಯವು ಪ್ರಕೃತಿ. ಶೀರ್ಷಿಕೆ, ಅಂಚು, ಅಡಿಬರಹಗಳನ್ನು ಒದಗಿಸುವ ಪಡಿಯಚ್ಚು ಪ್ರತ್ಯಯ. ಇವೆರಡನ್ನೂ ಕೂಡಿಸಿ ಪುಟವೆಂಬ ಪದವನ್ನು ಸಾಧಿಸುವುದು ಟೆಂಪ್ಲೇಟ್ ಎಂಜಿನ್. ಲಿಕ್ವಿಡ್, ನುಂಜಕ್ಸ್, ಹ್ಯಾಂಡಲ್‌ಬಾರ್ಸ್, ಪಗ್ ಎಂದು ಇದರಲ್ಲಿ ಹಲವು ಬಗೆ. ಒಂದೊಂದಕ್ಕೂ ಒಂದೊಂದು ಸೂತ್ರಭಾಷೆ. ನಿರ್ಮಾಣಸಾಧನವು ತನ್ನಲ್ಲಿಲ್ಲದ ಎಂಜಿನ್ನನ್ನು ಪ್ಲಗಿನ್ ಎಂಬ ಉಪಾಂಗದ ಮೂಲಕ ಸೇರಿಸಿಕೊಳ್ಳುತ್ತದೆ.

2024ರಲ್ಲಿ ಹೊರಬಂದ ಎಲೆವೆಂಟಿಯ 3.0 ಆವೃತ್ತಿಯು ಹ್ಯಾಂಡಲ್‌ಬಾರ್ಸ್, ಮಸ್ಟಾಶ್, ಇ.ಜೆ.ಎಸ್., ಹ್ಯಾಮಲ್, ಪಗ್ ಎಂಬ ಐದು ಎಂಜಿನ್ನುಗಳನ್ನು ತನ್ನ ಗರ್ಭದಿಂದ ತೆಗೆದು ಉಪಾಂಗಗಳ ಸ್ಥಾನದಲ್ಲಿ ಇರಿಸಿತು. ಮೊದಲು ತಾನಾಗಿ ದೊರೆಯುತ್ತಿದ್ದುದನ್ನು ಈಗ ಕೇಳಿ ಪಡೆಯಬೇಕಾಯಿತಲ್ಲ ಎಂಬ ಆಕ್ಷೇಪವು ಸಹಜವಾದುದು. ಆದರೆ ವಿಚಾರಿಸಿ ನೋಡಿದರೆ ಈ ಕ್ರಮವೇ ಯುಕ್ತ. ಕೆಲವರಷ್ಟೇ ಬಳಸುವ ವಸ್ತುವಿನ ಭಾರವನ್ನು ಎಲ್ಲರೂ ಹೊರಬೇಕಾಗಿಲ್ಲ; ಬಳಸುವವನು ತಾನು ಯಾವುದನ್ನು ಅವಲಂಬಿಸಿದ್ದೇನೆಂಬುದನ್ನು ತನ್ನ ಪಟ್ಟಿಯಲ್ಲಿ ಬರೆದಿಡಬೇಕಾಗುತ್ತದೆ. ಕಾಣದ ಸಾಲಕ್ಕಿಂತ ಲೆಕ್ಕದಲ್ಲಿ ಬರೆದ ಸಾಲವು ಮೇಲು.

ಆದರೆ ಆರಿಸಿಕೊಂಡವನ ಹೊಣೆ ಇದರಿಂದ ಹೆಚ್ಚುತ್ತದೆ. ವಿದ್ಯಾಸಂಸ್ಥೆಯ ಜಾಲತಾಣವನ್ನು ಉತ್ಸಾಹಿಯಾದ ತರುಣನೊಬ್ಬನು ಕಟ್ಟಿಕೊಡುತ್ತಾನೆ; ಉದ್ಯೋಗನಿಮಿತ್ತ ಹೊರಟುಹೋಗುತ್ತಾನೆ. ಹತ್ತು ವರ್ಷಗಳ ಬಳಿಕ ಬೇರೊಬ್ಬನು ಅದನ್ನು ಮರಳಿ ಕಟ್ಟಬಲ್ಲನೇ? ದಾನಿಗಳ ದ್ರವ್ಯವೂ ಅಧ್ಯಾಪಕರ ಬರಹವೂ ಉಳಿಯುವುದು ಈ ಪ್ರಶ್ನೆಯ ಉತ್ತರವನ್ನು ಅವಲಂಬಿಸಿದೆ. ಜೇಡ್ ಎಂಬ ಎಂಜಿನ್ನು ವ್ಯಾಪಾರಮುದ್ರೆಯ ತೊಡಕಿನಿಂದ 2016ರಲ್ಲಿ ಪಗ್ ಎಂದಾಯಿತು. ಹೆಸರೇ ಬದಲಾಗುವ ಕ್ಷೇತ್ರದಲ್ಲಿ ಯಾವ ಉಪಾಂಗವನ್ನೂ ಶಾಶ್ವತವೆಂದು ನಂಬಲಾಗದು.

ಆದಕಾರಣ ಮೂರು ನಿಯಮಗಳು ಪಾಲನೀಯವಾಗಿವೆ. ಮೊದಲನೆಯದು, ಪಠ್ಯದೊಳಗೆ ಎಂಜಿನ್ನಿನ ಸೂತ್ರಗಳನ್ನು ಬೆರೆಸಬಾರದು. ಪಠ್ಯವು ಶುದ್ಧವಾಗಿದ್ದರೆ ಎಂಜಿನ್ನು ಅಳಿದರೂ ಪಡಿಯಚ್ಚನ್ನು ಮಾತ್ರ ಹೊಸದಾಗಿ ಬರೆದರೆ ಸಾಕು. ಬೆರೆತಿದ್ದರೆ ಬರಹಗಳನ್ನೆಲ್ಲ ತಿದ್ದಬೇಕು. ಎರಡನೆಯದು, ಸಾಧನ ಮತ್ತು ಉಪಾಂಗಗಳ ಆವೃತ್ತಿಸಂಖ್ಯೆಯನ್ನು ನಿಖರವಾಗಿ ದಾಖಲಿಸಬೇಕು. ಇಲ್ಲವಾದರೆ ಇಂದು ಕಟ್ಟಿದ್ದು ನಾಳೆ ಕಟ್ಟದೆ ಹೋಗಬಹುದು. ಮೂರನೆಯದು, ಪಡಿಯಚ್ಚಿನಲ್ಲಿ ಲೆಕ್ಕಾಚಾರವನ್ನು ತುಂಬದೆ, ಇರುವುದನ್ನು ತೋರಿಸುವ ಕೆಲಸವನ್ನಷ್ಟೇ ಅದಕ್ಕೆ ಬಿಡಬೇಕು.

ಕನ್ನಡದ ಮಟ್ಟಿಗೆ ಇನ್ನೊಂದು ಎಚ್ಚರವು ಅವಶ್ಯ. ಲೇಖನದ ಮೊದಲ ಭಾಗವನ್ನಷ್ಟೇ ಕತ್ತರಿಸಿ ತೋರಿಸುವ ಫಿಲ್ಟರುಗಳು ಈ ಎಂಜಿನ್ನುಗಳಲ್ಲಿವೆ. ಲಿಕ್ವಿಡ್ಡಿನಲ್ಲಿರುವಂಥ ಫಿಲ್ಟರು ಯೂನಿಕೋಡ್ ಸಂಕೇತಗಳನ್ನು ಎಣಿಸುತ್ತದೆಯೇ ಹೊರತು ಅಕ್ಷರವನ್ನು ಅರಿಯದು. ‘ಸ್ತ್ರೀ’ ಎಂಬುದು ನಮ್ಮ ಕಿವಿಗೆ ಒಂದೇ ಅಕ್ಷರ. ಯಂತ್ರಕ್ಕೆ ಆರು ಸಂಕೇತ. ಮೂರನೆಯದರ ಬಳಿಕ ಕತ್ತರಿ ಬಿದ್ದರೆ ಉಳಿಯುವುದು ‘ಸ್ತ’ ಮಾತ್ರ. ಅಕ್ಷರಭಂಗವು ಅರ್ಥಭಂಗಕ್ಕೆ ದಾರಿ. ಅದೇ ಲಿಕ್ವಿಡ್ಡಿನಲ್ಲಿ ಪದಗಳನ್ನು ಎಣಿಸಿ ಕತ್ತರಿಸುವ ಫಿಲ್ಟರೂ ಉಂಟು. ಕನ್ನಡಕ್ಕೆ ಅದೇ ಗ್ರಾಹ್ಯ. ಅಂಥದಿಲ್ಲದ ಎಂಜಿನ್ನಿಗೆ ಸ್ವಂತ ಫಿಲ್ಟರನ್ನು ರಚಿಸಿ ಸೇರಿಸಲು ಎಲೆವೆಂಟಿಯಂಥ ಸಾಧನಗಳು ಅವಕಾಶ ನೀಡುತ್ತವೆ. ಆ ಕೆಲಸವನ್ನು ಯಂತ್ರಜ್ಞನು ಭಾಷೆ ಬಲ್ಲವರೊಡನೆ ಕುಳಿತು ಮಾಡತಕ್ಕದ್ದು.

ಯಾವ ಎಂಜಿನ್ನು ಶ್ರೇಷ್ಠವೆಂಬ ಚರ್ಚೆ ತರುಣರಿಗೆ ಪ್ರಿಯವಾದುದು, ಅದು ನಡೆಯಲಿ. ಆದರೆ ಸಂಸ್ಥೆಗಳ ಹಿರಿಯರು ಕೇಳತಕ್ಕ ಪ್ರಶ್ನೆ ಬೇರೆಯದು: ಕಟ್ಟಿದವನು ಇಲ್ಲದಿರುವಾಗಲೂ ಬರಹವು ಅಖಂಡವಾಗಿ ಉಳಿದೀತೇ? ಉಳಿಯುವುದೆಂಬ ಉತ್ತರವು ಬರಹದಲ್ಲಿ ದೊರೆತ ಮೇಲೆಯೇ ಕೆಲಸಕ್ಕೆ ಒಪ್ಪಿಗೆ ನೀಡುವುದು ಉಚಿತ.