ಗಂಡುಕರುವಿಗೆ ಗಿರಾಕಿ ಯಾರು?

ಹಸುವು ಹೆಣ್ಣುಕರುವನ್ನು ಈದರೆ ಸಂತೋಷ, ಗಂಡುಕರುವನ್ನು ಈದರೆ ಚಿಂತೆ. ಇಂತಹ ವಿಪರೀತಾವಸ್ಥೆಯು ಹುಲಸೂರ ಸೀಮೆಯ ರೈತನಿಗೆ ಪೂರ್ವದಲ್ಲಿ ಇರಲಿಲ್ಲ. ಈ ಭಾಗದ ದೇವಣಿ ತಳಿಯು ಹಾಲಿಗೂ ಗಳೆಗೂ ಸಲ್ಲತಕ್ಕದ್ದು. ಆಕಳು ಹಾಲನ್ನು ಕೊಟ್ಟರೆ ಹೋರಿಯು ನೊಗಕ್ಕೆ ಹೆಗಲು ಕೊಡುತ್ತಿತ್ತು. ಆದುದರಿಂದ ಎರಡೂ ಕರುಗಳಿಗೆ ಪೇಟೆಯಲ್ಲಿ ಬೆಲೆಯಿದ್ದಿತು.

ಅನಂತರ ಹಾಲನ್ನು ಹೆಚ್ಚಿಸುವ ಸದುದ್ದೇಶದಿಂದ ಜರ್ಸಿ, ಹೋಲ್‌ಸ್ಟೀನ್ ತಳಿಗಳ ಸಂಕರವು ನಡೆಯಿತು. ಹಾಲು ಹೆಚ್ಚಿತೆಂಬುದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಮಿಶ್ರತಳಿಯ ಹೋರಿಗೆ ನೊಗವನ್ನು ತಡೆಯುವ ಹಿಣಿಲು ಚಿಕ್ಕದು; ನಮ್ಮ ಬೇಸಗೆಯನ್ನು ಅದು ತಾಳದು; ಮೇಲಾಗಿ ಟ್ರಾಕ್ಟರು ಎತ್ತಿನ ಕೆಲಸವನ್ನೇ ಕಸಿದುಕೊಂಡಿದೆ. ೨೦೧೨ರಿಂದ ೨೦೧೯ರ ಗಣತಿಯವರೆಗೆ ದೇಶದ ಹಸುಗಳು ಶೇಕಡಾ ೧೮ರಷ್ಟು ಹೆಚ್ಚಿದರೆ, ಎತ್ತುಹೋರಿಗಳು ಶೇಕಡಾ ೩೦ರಷ್ಟು ಕುಗ್ಗಿದವು. ಪ್ರಕೃತಿಯು ಗಂಡುಹೆಣ್ಣುಗಳನ್ನು ಬಹುಮಟ್ಟಿಗೆ ಸಮನಾಗಿಯೇ ಹುಟ್ಟಿಸುತ್ತಿರಲು, ಆ ಗಂಡುಗಳು ಎಲ್ಲಿ ಹೋದುವೆಂದು ಕೇಳುವುದಕ್ಕೆ ನಾವೆಲ್ಲರೂ ಹಿಂಜರಿಯುತ್ತೇವೆ.

ಬ್ರಿಟನ್, ಐರ್ಲೆಂಡ್, ಅಮೆರಿಕಗಳಲ್ಲಿಯೂ ಇದೇ ಪ್ರಶ್ನೆ ಹುಟ್ಟಿತು. ಅಲ್ಲಿನವರು ಉತ್ತಮ ಹಸುಗಳಿಗೆ ಹೆಣ್ಣುಕರುವೇ ಹುಟ್ಟುವಂತೆ ಲಿಂಗ ವಿಂಗಡಿಸಿದ ವೀರ್ಯವನ್ನು ಕೊಡಿಸಿ, ಮಿಕ್ಕವಕ್ಕೆ ಆಂಗಸ್, ಹಿಯರ್‌ಫರ್ಡ್ ಮೊದಲಾದ ಮಾಂಸದ ತಳಿಯ ಹೋರಿಗಳನ್ನು ಕೂಡಿಸುತ್ತಾರೆ. ಮಣಕಗಳಿಗಾದರೆ ಈತವು ಕಷ್ಟವಾಗದಂತೆ ಸಣ್ಣಕರುವಿನ ಹೋರಿಯನ್ನೇ ಆರಿಸುತ್ತಾರೆ. ಮೈತುಂಬಿ ಬೆಳೆಯುವ ಆ ಕರುವಿಗೆ ಹಾಲುತಳಿಯ ಗಂಡುಕರುವಿಗಿಂತ ಹೆಚ್ಚಿನ ಬೆಲೆ ಬರುತ್ತದೆ. ಆ ಮಾರ್ಗವನ್ನೇ ನಾವು ಹಿಡಿಯಬೇಕೆಂಬುದು ನಮ್ಮ ಅಭಿಪ್ರಾಯವಲ್ಲ. ಹೋರಿಯನ್ನು ಆರಿಸುವ ಮೊದಲೇ ಕರುವಿನ ಗಿರಾಕಿಯನ್ನು ನಿಶ್ಚಯಿಸಿಕೊಳ್ಳುವ ಅವರ ವಿವೇಕವನ್ನಷ್ಟೇ ವಾಚಕರ ಮುಂದಿಡುತ್ತೇವೆ.

ನಮ್ಮಲ್ಲಿಯಾದರೋ ೧೯೬೪ರ ಕಾಯಿದೆಯು ೧೨ ವರ್ಷ ಮೀರಿದ ಎತ್ತುಗಳ ವಧೆಗೆ ಅಧಿಕಾರಿಯ ಪ್ರಮಾಣಪತ್ರದ ಮೇಲೆ ಎಡೆಗೊಟ್ಟಿತ್ತು. ೨೦೨೧ರಲ್ಲಿ ಜಾರಿಗೆ ಬಂದ ಕಾಯಿದೆಯು ಅದನ್ನೂ ತೆಗೆದುಹಾಕಿತು. ಗಡಿಯಾಚೆಯ ಮಹಾರಾಷ್ಟ್ರವು ೨೦೧೫ರಲ್ಲಿಯೇ ಎತ್ತುಹೋರಿಗಳ ವಧೆಯನ್ನು ನಿಷೇಧಿಸಿತ್ತು. ಗೋವಿನ ವಿಷಯದಲ್ಲಿ ಜನತೆಯ ಭಾವನೆಯು ಗೌರವಾರ್ಹವೇ ಸರಿ. ಆದರೆ ಭಾವನೆ ಎಲ್ಲರದು, ಮೇವಿನ ಖರ್ಚು ಮಾತ್ರ ಎರಡೆಕರೆಯ ರೈತನದು ಎಂಬುದು ನ್ಯಾಯವೆ?

ಆದುದರಿಂದ ಸರಕಾರವು ಎರಡು ಕೆಲಸಗಳನ್ನು ತಡಮಾಡದೆ ಮಾಡತಕ್ಕದ್ದು. ಹಾಲಿಗಾಗಿ ಹಸು ಸಾಕುವವನಿಗೆ ಲಿಂಗ ವಿಂಗಡಿಸಿದ ವೀರ್ಯವು ಪ್ರತಿಯೊಂದು ಪಶುವೈದ್ಯಶಾಲೆಯಲ್ಲಿಯೂ ಅಲ್ಪ ಬೆಲೆಗೆ ಸಿಗಬೇಕು. ಅದರಿಂದ ನೂರರಲ್ಲಿ ಸುಮಾರು ತೊಂಬತ್ತು ಕರುಗಳು ಹೆಣ್ಣಾಗುತ್ತವೆ. ಎತ್ತನ್ನು ಬಯಸುವವನಿಗೆ ಶುದ್ಧ ದೇವಣಿಯ ಬೀಜವು ದೊರೆಯಬೇಕು. ಬೀದರದ ಪಶುವೈದ್ಯ ವಿಶ್ವವಿದ್ಯಾಲಯವು ಭಾಲ್ಕಿ ತಾಲೂಕಿನ ಕಟ್ಟಿ ತೂಗಾಂವದಲ್ಲಿ ಈ ತಳಿಯ ಕೇಂದ್ರವನ್ನು ನಡೆಸುತ್ತಿದೆ; ಅದರ ಫಲವು ೨೦೧೮ರಲ್ಲಿ ತಾಲೂಕಾದ ಹುಲಸೂರಿನ ಕೊಟ್ಟಿಗೆಗಳನ್ನೂ ಮುಟ್ಟಬೇಡವೆ?

ಹಾಲಿನ ಲೆಕ್ಕವನ್ನು ಬರೆಯುವ ಅಧಿಕಾರಿವರ್ಗವು ಗಂಡುಕರುವಿನ ಲೆಕ್ಕವನ್ನು ಬಿಟ್ಟರೆ, ರೈತನು ಅದನ್ನು ಒಂದು ರಾತ್ರಿ ಊರ ಹೊರಗೆ ಹಗ್ಗ ಬಿಚ್ಚಿ ತೀರಿಸುತ್ತಾನೆ. ಆಗ ಅಪರಾಧವನ್ನು ಅವನೊಬ್ಬನ ಮೇಲೆಯೇ ಹೊರಿಸುವುದು ನಮಗೆ ಶೋಭಿಸದು.