ಕಾರಹುಣ್ಣಿಮೆಯೂ ಅಯನದ ದಿನವೂ

ಕಾರಹುಣ್ಣಿಮೆ ಬಂದಿತೆಂದರೆ ನಮ್ಮ ಹೊಸಪೇಟೆ ಸೀಮೆಯ ಒಕ್ಕಲು ಮನೆಗಳಲ್ಲಿ ಸಂಭ್ರಮವೋ ಸಂಭ್ರಮ. ಎತ್ತುಗಳ ಮೈತೊಳೆದು, ಕೋಡುಗಳಿಗೆ ಬಣ್ಣ ಬಳಿದು, ಸಂಜೆ ಕರಿ ಹರಿಯಲು ಓಡಿಸುತ್ತಾರೆ. ಹಗಲು ಅತಿ ದೀರ್ಘವಾಗಿರುವ ಕಾಲದ ಆಸುಪಾಸಿನಲ್ಲಿಯೇ ಈ ಹಬ್ಬ ಬರುವುದಾದರೂ ಅದರ ದಿನವನ್ನು ಗೊತ್ತುಮಾಡುವವನು ಚಂದ್ರ, ಸೂರ್ಯನಲ್ಲ. ಜ್ಯೇಷ್ಠದ ಪೂರ್ಣಚಂದ್ರನು 2023ರಲ್ಲಿ ಜೂನ್ 4ರಂದು ಕಂಡರೆ, 2024ರಲ್ಲಿ ಜೂನ್ 22ರಂದು ಕಂಡನು. ಸೂರ್ಯನು ಉತ್ತರದ ಎಲ್ಲೆಯನ್ನು ಮುಟ್ಟಿ ದಕ್ಷಿಣಕ್ಕೆ ಹೊರಳುವ ದಿನವಾದರೋ ಪ್ರತಿವರ್ಷವೂ ಜೂನ್ 21ರ ಸುಮಾರಿಗೇ ಬರುತ್ತದೆ.

ಆದರೆ ದಕ್ಷಿಣಾಯನ ಎಂದು ಆರಂಭವಾಗುತ್ತದೆಂದು ತರಗತಿಯಲ್ಲಿ ಕೇಳಿದರೆ, ಪಂಚಾಂಗವನ್ನು ನೆನೆದು ಜುಲೈ 16ರ ಕರ್ಕಾಟಕ ಸಂಕ್ರಮಣವನ್ನು ಹೇಳುವ ವಿದ್ಯಾರ್ಥಿಗಳು ಎಷ್ಟೋ ಮಂದಿ. ಭೂಮಿಯ ಅಕ್ಷವು ಬುಗುರಿಯಂತೆ ಮೆಲ್ಲಮೆಲ್ಲನೆ ಓಲುತ್ತಿರುವುದರಿಂದ, ನಕ್ಷತ್ರರಾಶಿಗಳನ್ನು ಅನುಸರಿಸುವ ಸಂಕ್ರಮಣವೂ ನಿಜವಾದ ಅಯನವೂ ಕಳೆದ ಸುಮಾರು 1700 ವರ್ಷಗಳಲ್ಲಿ 25 ದಿನಗಳಷ್ಟು ಅಗಲಿವೆ.

ಈ ತೊಡಕು ನಮ್ಮವರಿಗೆ ಮಾತ್ರ ಒದಗಿದುದಲ್ಲ. ಬ್ರಿಟನ್ ಮತ್ತು ಐರ್ಲೆಂಡುಗಳ ನಡುವೆ ಇರುವ ಮ್ಯಾನ್ ದ್ವೀಪದ ಕೆಲ್ಟಿಕ್ ಜನರು ನಡುಬೇಸಗೆಯ ದಿನ ತಮ್ಮ ಕಡಲದೇವತೆಗೆ ಜೊಂಡುಹುಲ್ಲನ್ನು ಕಂದಾಯವಾಗಿ ಒಪ್ಪಿಸುತ್ತಿದ್ದರೆಂದು ಐತಿಹ್ಯವಿದೆ. ಅವರ ಶಾಸನಸಭೆಯಾದ ಟಿನ್‌ವಾಲ್ಡ್ ವರ್ಷಕ್ಕೊಮ್ಮೆ ಬಯಲಿನಲ್ಲಿ ಸೇರುವಾಗ ಇಂದಿಗೂ ಮೆರವಣಿಗೆಯ ದಾರಿಗೆ ಜೊಂಡು ಹಾಸುತ್ತಾರೆ. ಆದರೆ ಆ ದಿನ ಜುಲೈ 5! 18ನೆಯ ಶತಮಾನದಲ್ಲಿ ಕ್ಯಾಲೆಂಡರನ್ನು 11 ದಿನ ತಿದ್ದಿದಾಗ, ನಡುಬೇಸಗೆಯ ದಿನವೆಂದು ಆಚರಿಸುತ್ತಿದ್ದ ಹಳೆಯ ಜೂನ್ 24 ಹೊಸ ಎಣಿಕೆಯಲ್ಲಿ ಜುಲೈ 5 ಆಯಿತು. ಜನರು ಹಳೆಯ ದಿನವನ್ನು ಬಿಡಲಿಲ್ಲ.

ಹಬ್ಬಗಳ ದಿನವನ್ನು ಬದಲಿಸಬೇಕೆಂಬುದು ನಮ್ಮ ವಾದವಲ್ಲ. ಹಿರಿಯರು ನಡೆಸಿಕೊಂಡು ಬಂದ ದಿನದಲ್ಲಿ ಹಬ್ಬ ನಡೆಯಲಿ. ಆದರೆ ಸೂರ್ಯನ ಚಲನೆಯನ್ನು ಅಚ್ಚಾದ ಹಾಳೆಯಿಂದ ಮಾತ್ರ ತಿಳಿಯುವುದು ವಿಜ್ಞಾನದ ವಿದ್ಯಾರ್ಥಿಗೆ ತಕ್ಕುದಲ್ಲ.

ಚಿತ್ತವಾಡ್ಗಿಯ ಯಾವುದೇ ಅಂಗಳದಲ್ಲಿ 1 ಮೀಟರ್ ಎತ್ತರದ ಕೋಲನ್ನು ನೆಟ್ಟಗೆ ನಿಲ್ಲಿಸಿರಿ. ಡಿಸೆಂಬರ್ 22ರ ನಡುಹಗಲಿನಲ್ಲಿ ಅದರ ನೆರಳು ಉತ್ತರಕ್ಕೆ 80 ಸೆಂ.ಮೀ. ಚಾಚಿರುತ್ತದೆ. ಜೂನ್ 21ರಂದು, ಗಡಿಯಾರದಲ್ಲಿ 12 ಗಂಟೆ 26 ನಿಮಿಷವಾದಾಗ, ನೆರಳು ದಕ್ಷಿಣಕ್ಕೆ ಬೀಳುತ್ತದೆ. ಅದರ ಉದ್ದ 14 ಸೆಂ.ಮೀ. ಕಾರಣವಿಷ್ಟೆ: ಊರಿನ ಅಕ್ಷಾಂಶ ಸುಮಾರು 15¼ ಡಿಗ್ರಿ, ಅಂದು ಸೂರ್ಯನಿರುವುದು ಸುಮಾರು 23½ ಡಿಗ್ರಿ ಉತ್ತರದಲ್ಲಿ. ಆದುದರಿಂದ ಅವನು ನಮ್ಮ ನೆತ್ತಿಯನ್ನು ದಾಟಿ 8 ಡಿಗ್ರಿಯಷ್ಟು ಉತ್ತರಕ್ಕೆ ಸರಿದಿರುತ್ತಾನೆ. ಅಂದು ಮುಂಗಾರಿನ ಮೋಡ ಕವಿದರೆ ನಿರಾಶರಾಗಬೇಕಿಲ್ಲ. ಹಿಂದುಮುಂದಿನ 4 ದಿನಗಳಲ್ಲಿ ನೆರಳಿನ ಉದ್ದವು ಹೆಚ್ಚೆಂದರೆ 1 ಮಿ.ಮೀ. ವ್ಯತ್ಯಾಸವಾಗುತ್ತದೆ.

ಜುಲೈ 16ರಂದು ಮತ್ತೆ ಅಳೆಯಿರಿ. ನೆರಳು 11 ಸೆಂ.ಮೀ.ಗೆ ಇಳಿದಿರುವುದು ಕಾಣುತ್ತದೆ. ಸಂಕ್ರಮಣದ ಹೊತ್ತಿಗೆ ಸೂರ್ಯನು ದಕ್ಷಿಣದ ದಾರಿಯಲ್ಲಿ 2 ಡಿಗ್ರಿ ನಡೆದುಬಿಟ್ಟಿದ್ದಾನೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಇದಕ್ಕೆ ಹಣ ಬೇಕಿಲ್ಲ, ಪ್ರಯೋಗಶಾಲೆ ಬೇಕಿಲ್ಲ. ಪ್ರತಿಯೊಂದು ಪ್ರೌಢಶಾಲೆಯ ಅಂಗಳದಲ್ಲಿಯೂ ಇಂಥದೊಂದು ಕೋಲು ನಿಲ್ಲಬೇಕೆಂಬುದು ನಮ್ಮ ಅಭಿಪ್ರಾಯ. ಉಪಾಧ್ಯಾಯರು ಹೇಳಲೆಂದು ಕಾಯದೆ ವಿದ್ಯಾರ್ಥಿಗಳೇ ಅದನ್ನು ನೆಡಲಿ.